ಡಬ್ಬಿಯ ಹುಳು

ಅಲ್ಲ, ಅದು ನಶ್ಯದ ಡಬ್ಬಿಯಾಗಿರಲು ಸಾಧ್ಯವೇ ಇಲ್ಲ. ಇಷ್ಟು ವರ್ಷ ನಾನು ಹಾಗೆಂದೇ ನಂಬಿದ್ದೆ. ನಮ್ಮ ಅತ್ತೆ ಹಳೆಯ ನಶ್ಯದ ಡಬ್ಬಿಯಲ್ಲಿ ರೇಷ್ಮೆ ಹುಳು ಹಾಕಿಕೊಂಡು ಮನೆಮನೆಗೆ ಹೋಗುತ್ತಿದ್ದರು ಎಂದು ಕೇಳಿದವರಿಗೆಲ್ಲ ಹೇಳಿದ್ದೆ. ಹೊಗೆಸೊಪ್ಪಿನ ಘಾಟು ತಗುಲಿದರೆ ರೇಷ್ಮೆ ಹುಳು ಬದುಕುವುದಿಲ್ಲ. ಇದು ನಮ್ಮ ಕಡೆ ಹಿಪ್ಪುನೇರಳೆ ಸೊಪ್ಪು ಕುಯ್ಯುವ ಯಾರಿಗೂ ಗೊತ್ತು. ನನಗೂ ಗೊತ್ತು. ಆದರೂ ನೆನಪು ನಶ್ಯದ ಡಬ್ಬಿಯನ್ನೇ ತಂದು ಮುಂದಿಡುತ್ತದೆ, ನೋಡಲು ಚೆನ್ನಾಗಿದೆಯೆಂದು. ಸುಣ್ಣದ ಡಬ್ಬಿ ಇರಬೇಕು. ಅಥವಾ ಕುಂಕುಮದ್ದು. ಮುಚ್ಚಳಕ್ಕೆ ಮೊಳೆಯಿಂದ ಹೊಡೆದ ತೂತುಗಳಿದ್ದವು, ಅದೊಂದು ಖಚಿತ. ಆ ತೂತಿನ ಅಂಚು ತಾಗಿ ನನ್ನ ಹೆಬ್ಬೆರಳು ಕೊಯ್ದಿತ್ತು.

ಡಬ್ಬಿಯ ವಿಷಯದಲ್ಲೇ ಹೀಗೆ ಎಡವುವ ನೆನಪನ್ನು ಮುಂದಿನದರಲ್ಲಿ ಎಷ್ಟು ನಂಬಬೇಕೋ ಓದುವವರೇ ತೀರ್ಮಾನಿಸಲಿ. ಇದನ್ನು ಬರೆಯುವಾಗಲೂ ನನಗೆ ಸಿಟ್ಟಿದೆ. ಸಿಟ್ಟು ಬಂದಾಗ ನೆನಪು ಇನ್ನೂ ಸಲೀಸಾಗಿ ಸುಳ್ಳು ಹೇಳುತ್ತದೆ.

ಗುಡೇಮಾರನಹಳ್ಳಿಯ ಹತ್ತಿರ ನಮ್ಮದೊಂದು ಚಾಕಿ ಮನೆ. ಮೊಟ್ಟೆ ತಂದು, ಮರಿ ಮಾಡಿಸಿ, ಎಳೆ ಸೊಪ್ಪು ಹಾಕಿ, ಹುಳು ಎರಡನೇ ಜ್ವರ ಎದ್ದ ಮೇಲೆ ರೈತರಿಗೆ ಕೊಡುವುದು ನಮ್ಮ ಕಸುಬು. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು ಒಂದು ದಿನ ಅಲುಗದೆ ಕೂತು ಪೊರೆ ಕಳಚುವುದು. ಅಲ್ಲಿಂದ ಗೂಡು ಕಟ್ಟುವವರೆಗಿನ ಸಾಕಣೆ ರೈತರದ್ದು. ಅತ್ತೆ ಶುರು ಮಾಡಿದಾಗ ಹದಿನೈದು ಮನೆಗಳಿಗೆ ನಮ್ಮ ಹುಳು ಹೋಗುತ್ತಿತ್ತು.

ಎಲ್ಲ ಹುಳುಗಳೂ ಒಟ್ಟಿಗೆ ಜ್ವರ ಏಳುವುದಿಲ್ಲ. ಅವಸರದವು ಕೆಲವು ಮೊದಲೇ ಎದ್ದು ತಲೆ ಆಡಿಸುತ್ತವೆ. ಅತ್ತೆ ಅಂಥವನ್ನು ಆರಿಸಿ, ಮನೆಗೆ ಹತ್ತರಂತೆ ಡಬ್ಬಿಗೆ ಹಾಕಿಕೊಂಡು, ಹುಳು ಕೊಡುವ ಹಿಂದಿನ ದಿನ ಹೊರಡುತ್ತಿದ್ದರು. ಆಯಾ ಮನೆಯ ತೋಟದ ಸೊಪ್ಪು ಕುಯ್ದು ಹತ್ತು ಹುಳುಗಳ ಮುಂದಿಟ್ಟು, ಜಗಲಿಯ ಮೇಲೆ ಅರ್ಧ ಗಂಟೆ ಕೂರುವುದು. ಹುಳು ತಿಂದರೆ ಸೊಪ್ಪು ಒಳ್ಳೆಯದು. ತಿನ್ನದೆ ತಲೆ ಎತ್ತಿ ಆಡಿದರೆ ಸೊಪ್ಪಿಗೆ ಎಲ್ಲಿಂದಲೋ ಔಷಧಿ ತಗುಲಿದೆ. ಆ ಅರ್ಧ ಗಂಟೆ ಸುಮ್ಮನೆ ಕೂರಲಾಗುತ್ತದೆಯೇ? ಮಾತು ನಡೆಯುತ್ತಿತ್ತು. ಯಾರು ಊರಲ್ಲಿದ್ದಾರೆ, ಯಾರ ಮನೆಯಲ್ಲಿ ಮದುವೆಯಿದೆ, ಸೊಪ್ಪು ಕುಯ್ಯಲು ಯಾರು ಬರುತ್ತಾರೆ, ಪಕ್ಕದ ಹೊಲದವನು ಏನು ಬೆಳೆದಿದ್ದಾನೆ. ಕೊನೆಗೆ ಮಾವಿನ ತೋಟದ ಶೆಡ್ಡು. ಅಲ್ಲಿ ಒಂದು ಹುಳುವನ್ನೂ ಸಾಕುವುದಿಲ್ಲ. ಆದರೂ ಅತ್ತೆ ಅಲ್ಲೊಂದು ಲೋಟ ಟೀ ಕುಡಿಯದೆ ಮನೆಗೆ ಬರುತ್ತಿರಲಿಲ್ಲ.

ನಾನು ಇದನ್ನು ಹರಟೆ ಎನ್ನುತ್ತಿದ್ದೆ. ಇದು ನನಗೆ ಸರಿಯಾಗಿ ನೆನಪಿದೆ, ಮರೆಯಬೇಕೆಂದರೂ ಮರೆಯುವುದಿಲ್ಲ.

"ನಾಕು ಮನೆಗೆ ಒಂದು ದಿನ ಹಾಳು ಮಾಡ್ಕೊಂಡ್ ಬತ್ತೀರಲ್ಲ ಅತ್ತೆ."

"ಹಾಳಾದ್ದು ನನ್ ದಿನ ತಾನೆ? ಹುಳ ಅಲ್ವಲ್ಲ" ಎಂದು ಅವರು ಡಬ್ಬಿಯನ್ನು ಗೂಟಕ್ಕೆ ನೇತುಹಾಕುತ್ತಿದ್ದರು. ಗೂಟವೋ, ಗೋಡೆಯ ಗೂಡೋ.

ಆಮೇಲೆ ಅವರ ಮಂಡಿ ಸೋತಿತು. ಕೆಲಸ ನನ್ನ ಕೈಗೆ ಬಂತು. ಹದಿನೈದು ಮನೆ ಎಪ್ಪತ್ತಾಯಿತು. ನಾನು ವಾಟ್ಸಾಪ್ ಗ್ರೂಪು ಮಾಡಿದೆ. ಹುಳು ಯಾವ ದಿನ ಬರುತ್ತದೆ, ಸುಣ್ಣದ ಪುಡಿ ಯಾವಾಗ ಹಾಕಬೇಕು, ಎಲ್ಲ ಅದರಲ್ಲೇ. ದಿನಾ ಬೆಳಿಗ್ಗೆ ಒಂದು ಹೂವಿನ ಚಿತ್ರ ಕಳಿಸುತ್ತಿದ್ದೆ, ಸಂಬಂಧ ಚೆನ್ನಾಗಿರಲಿ ಎಂದು. ಡಬ್ಬಿ ಗೂಟದಲ್ಲೇ ಉಳಿಯಿತು. ಒಂದು ಕಡೆ ಕೂತು ಎಪ್ಪತ್ತು ಮನೆಗೂ ಒಂದೇ ಸಲ ಮಾತು ಮುಟ್ಟಿಸುತ್ತೇನೆಂದು ನನಗೆ ಎಷ್ಟು ಹೆಮ್ಮೆಯಿತ್ತೆಂದರೆ, ಆ ಹೆಮ್ಮೆಯನ್ನು ಈಗ ಹಿಡಿದು ಒದೆಯೋಣವೆನಿಸುತ್ತದೆ.

ನಾನು ಹೇಳಹೊರಟಿರುವ ವಾರ ರಾಮನಗರದಲ್ಲಿ ಸಣ್ಣ ಉದ್ಯಮ ನಡೆಸುವ ನಮ್ಮಂಥವರಿಗೆ ತರಬೇತಿ ಇತ್ತು. ಸೋಮವಾರ, ಮಂಗಳವಾರ. ವಿಷಯ: ಗ್ರಾಹಕರೊಂದಿಗೆ ಮಾತುಕತೆ. ಹೇಳಿಕೊಡಲು ಬಂದಾತ ಗೋಡೆಯ ಮೇಲೆ ಬೆಳಕು ಬಿಟ್ಟು, "ಉತ್ತರ ಕೊಡೋಕೆ ಕೇಳಿಸಿಕೊಳ್ಳಬೇಡಿ, ಅರ್ಥ ಮಾಡಿಕೊಳ್ಳೋಕೆ ಕೇಳಿಸಿಕೊಳ್ಳಿ" ಎಂದ. ನಾವು ಬರೆದುಕೊಂಡೆವು. ಗುರುತಿಲ್ಲದವರ ಎದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ನೋಡಿ ಎಂದ. ನನ್ನೆದುರು ಕನಕಪುರದಿಂದ ಬಂದಿದ್ದ ಹಪ್ಪಳದ ಹೆಂಗಸು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. "ನಮ್ ಯಜಮಾನ್ರನ್ನೇ ಇಷ್ಟೊತ್ತು ನೋಡಿಲ್ಲ ಕಣವ್ವ" ಎಂದಳು ಆಕೆ. ಫೋನುಗಳನ್ನು ಸದ್ದಿಲ್ಲದಂತೆ ಮಾಡಿ ಚೀಲದೊಳಗಿಡಿ ಎಂದಿದ್ದರು. ಇಟ್ಟಿದ್ದೆವು.

ಬುಧವಾರ ಹುಳು ಕೊಡುವ ದಿನ. ನನ್ನ ಗಂಡ ಟೆಂಪೋದಲ್ಲಿ ತೆಗೆದುಕೊಂಡು ಹೋಗಿ ಇಳಿಸಿ ಬಂದರು. ಗುರುವಾರ ಬೆಳಿಗ್ಗೆ ಗ್ರೂಪಿಗೆ ಒಂದು ಫೋಟೋ ಬಂತು. ತಿಪ್ಪಸಂದ್ರದ ಆಚೆಯ ಊರಿನದು. ಹುಳುಗಳು ತಲೆ ಎತ್ತಿ, ಮೈ ತಿರುಚಿ, ಹಸಿರು ನೀರು ಕಕ್ಕಿದ್ದವು. ಅದರ ಮೇಲುಗಡೆಯೇ ನಾನು ಕಳಿಸಿದ್ದ ಆ ದಿನದ ಹೂವು. ಕೆಳಗೆ ನಾಲ್ಕು ಜನ ಕೈಮುಗಿದ ಗುರುತು ಹಾಕಿದ್ದರು. ಒಬ್ಬರೂ ಏನಾಯಿತು ಎಂದು ಕೇಳಿರಲಿಲ್ಲ.

ಆ ಊರಲ್ಲಿ ಹತ್ತು ಮನೆ ನಮ್ಮ ಹುಳು ಸಾಕುತ್ತವೆ. ಸಾಕುತ್ತಿದ್ದವು. ಮೊದಲು ತೆಗೆದುಕೊಂಡಿದ್ದು ಮಾವಿನ ತೋಟದ ಬೇಲಿ ಪಕ್ಕದ ಮನೆಯ ಅಕ್ಕ, ಅತ್ತೆಯ ಕಾಲದಲ್ಲೇ. ಅವರು ತೆಗೆದುಕೊಂಡರೆ ಊರು ತೆಗೆದುಕೊಳ್ಳುತ್ತದೆ, ಬಿಟ್ಟರೆ ಬಿಡುತ್ತದೆ. ಸತ್ತಿದ್ದು ಅವರ ಹುಳು, ಬೇಲಿ ಸಾಲಿನ ಇನ್ನೆರಡು ಮನೆಗಳದ್ದು ಕೂಡ.

"ಬಾ, ನೋಡ್ ಬಾ, ನಿನ್ ಹುಳ ಎಂಗಾಡ್ತಾವೆ" ಎಂದರು ಅಕ್ಕ, ನಾನೂ ನನ್ನ ಗಂಡನೂ ಅಲ್ಲಿ ಟೆಂಪೋ ಇಳಿಯುತ್ತಿದ್ದಂತೆ.

"ನನ್ ಹುಳ ಚೆನ್ನಾಗೇ ಇದ್ವು ಅಕ್ಕ. ಬೇರೆ ಮನೇಲೆಲ್ಲ ಚೆನ್ನಾಗೇ ಅವೆ. ನಿಮ್ ಸೊಪ್ಪಲ್ಲೇ ಏನೋ ಐತೆ."

ನನ್ನ ಬಾಯಿಂದ ಮೊದಲು ಬಂದಿದ್ದು ಇದೇ. ನೀನು ಮೊದಲು ಅಯ್ಯೋ ಎಂದೆ ಎಂದು ನನ್ನ ಗಂಡ ಈಗಲೂ ಹೇಳುತ್ತಾರೆ. ಅವರು ಸಮಾಧಾನಕ್ಕೆ ಹೇಳುವುದು. ಅಯ್ಯೋ ಎಂದಿದ್ದರೂ ಅದು ನನಗಾಗಿಯೇ ಇರಬೇಕು.

ಅಕ್ಕನ ಗಂಡ ಜಗಲಿಯ ಮೇಲೆ ಕೂತಿದ್ದರು. ನಿಧಾನವಾಗಿ ಹೇಳಿದರು: "ದಿನಾ ಬೆಳಿಗ್ಗೆ ಗ್ರೂಪ್ನಾಗೆ ಹೂವ ಕಳಿಸ್ತೀಯಲ್ಲವ್ವ, ಅದ್ನೇ ಹುಳಕ್ ಹಾಕ್ಬೇಕಿತ್ತು ನಾವು. ಅದ್ಕಾದ್ರೆ ಯಾವ ಔಷ್ದಿನೂ ತಗ್ಲಿರ್ತಿರ್ನಿಲ್ಲ."

ಬೇಲಿಯಾಚೆ ಯಾರೋ ನಕ್ಕರು.

"ಸೊಪ್ಪು ಯಾವ್ ಕಡೆಯಿಂದ ಕುಯ್ದ್ರಿ ಭಾವ?"

"ಬೇಲಿ ಸಾಲಿಂದ. ಮಂಗಳವಾರ ಈ ಮೂರು ಮನೆಯೋರೂ ಕಬ್ಬಾಳಮ್ಮನ ಗುಡಿಗೆ ಹೋಗಿದ್ವಿ. ಬರೋದು ಒತ್ತಾಯ್ತು, ಅತ್ರದಲ್ಲೇ ಕುಯ್ಕೊಂಡ್ವಿ."

"ಮಾವಿನ್ ತೋಟಕ್ಕೆ ಔಷಧಿ ಹೊಡ್ದಿದ್ದು ಗೊತ್ತಾಗ್ನಿಲ್ವಾ?"

"ಊರಾಗಿದ್ರೆ ತಾನೆ ಗೊತ್ತಾಗಾದು?" ಅಕ್ಕನ ದನಿ ಏರಿತು. "ಊರಾಗಿರ್ತೀರ ಅಂತ ನೀನ್ ಕೇಳಿದ್ರೆ ಇರಲ್ಲ ಅಂತಿದ್ವಿ. ನಿಮ್ಮತ್ತೆ ಕೇಳೋರು."

"ಸೊಪ್ಪು ನೋಡಿ ಕುಯ್ರಿ ಅಂತ ಗ್ರೂಪಲ್ಲಿ ಹಾಕಿದ್ನಲ್ಲ ಅಕ್ಕ."

"ಗ್ರೂಪು ನನ್ ಮಗಳ ಫೋನಾಗೈತೆ. ಮಗಳು ಮಾಗಡೀಲವಳೆ. ಇವತ್ತು ಬಂದವಳು ಫೋಟೋ ಹಿಡ್ದಾಕವಳೆ."

ಎಪ್ಪತ್ತು ಮನೆಗೆ ಒಂದೇ ಸಲ ಮಾತು ಮುಟ್ಟಿಸುತ್ತೇನೆ ಎಂದುಕೊಂಡಿದ್ದೆನಲ್ಲ. ಎಷ್ಟು ಮನೆಯಲ್ಲಿ ಆ ಮಾತು ಹುಳು ಸಾಕುವ ಕೈಗೆ ಮುಟ್ಟಿತ್ತೆಂದು ನಾನು ಒಂದು ದಿನವೂ ನೋಡಿರಲಿಲ್ಲ.

ಅಲ್ಲಿಂದ ನೇರ ಮಾವಿನ ತೋಟಕ್ಕೆ ಹೋದೆ, ಜಗಳಕ್ಕೆ. ತೋಟವನ್ನು ಗುತ್ತಿಗೆಗೆ ಹಿಡಿದವರು ರಾಮನಗರದ ವ್ಯಾಪಾರಿ. ನಮ್ಮ ಕಡೆ ಎಲ್ಲರೂ ಅವರನ್ನು ಭಾಯಿ ಎನ್ನುತ್ತಾರೆ. ಹೂವು ಬಿಟ್ಟ ಕಾಲ. ಹೂವಿನ ರಸ ಹೀರುವ ಜಿಗಿಹುಳಕ್ಕೆ ಔಷಧಿ ಹೊಡೆದ ವಾಸನೆ ಇನ್ನೂ ಮರಗಳಲ್ಲಿತ್ತು.

"ಹೊಡೆಯೋಕೆ ಮುಂಚೆ ಒಂದು ಮಾತು ಹೇಳಬಾರದಾ ಭಾಯಿ?"

"ನಿಮಗೆ ಫೋನ್ ಮಾಡಿದೆ ಅಮ್ಮ. ಮಂಗಳವಾರ ಮಧ್ಯಾಹ್ನ. ನೀವು ಎತ್ತಲಿಲ್ಲ."

"ಎತ್ತಲಿಲ್ಲ ಅಂದ್ರೆ ಇನ್ನೊಂದ್ಸಲ ಮಾಡಬೇಕಿತ್ತು."

"ಮಾಡಬೇಕಿತ್ತು. ಮಾಡಲಿಲ್ಲ. ಆಳುಗಳು ಬಂದಿದ್ರು, ಡ್ರಮ್ಮಲ್ಲಿ ಔಷಧಿ ಕಲಸಿ ಆಗಿತ್ತು." ಅವರು ತಲೆ ತಗ್ಗಿಸಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು. "ನಿಮ್ಮ ಗ್ರೂಪಿಗೆ ಸೇರಿಸಿ ಅಂತ ಹೋದ ವರ್ಷ ನಿಮ್ಮ ಮನೆಯೋರನ್ನ ಕೇಳಿದ್ದೆ. ಅದು ಹುಳ ಸಾಕೋರಿಗೆ ಮಾತ್ರ ಅಂದ್ರು. ನಿಮ್ಮತ್ತೆ ಇದ್ದಾಗ ಫೋನೂ ಬೇಕಿರಲಿಲ್ಲ, ಗ್ರೂಪೂ ಬೇಕಿರಲಿಲ್ಲ. ಇಲ್ಲೇ ಈ ಕಲ್ಲ ಮೇಲೆ ಕೂತು, ಯಾವತ್ತು ಹೊಡಿತೀಯಪ್ಪ ಅಂತ ಕೇಳೋರು. ಹೇಳಿದ್ರೆ ವಾಪಸ್ ಹೋಗಿ ಬೇಲಿ ಸಾಲಿನೋರಿಗೆಲ್ಲ ಹೇಳಿ ಬರೋರು."

"ನಮ್ಮತ್ತೆ ಇನ್ನೂ ಇದ್ದಾರೆ ಭಾಯಿ. ಮಂಡಿ ನೋವಷ್ಟೆ."

"ಹೌದಾ? ಯಾರೂ ಹೇಳಲಿಲ್ಲ ನಮಗೆ" ಎಂದರು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರು ಕಾಲು ನೀಡಿ ಕೂತು ಕೇಳಿದರು. "ಹುಳ ಸಾಕೋರ್ನ ಮಾತ್ರ ಗುಂಪು ಮಾಡ್ಕಂಡ್ರೆ ಆಯ್ತಾ ಅಮ್ಮಿ? ಹುಳ ಕೊಲ್ಲೋರ್ನೂ ಕರ್ದು ಕೂರುಸ್ಕಬೇಕು" ಎಂದರು. ಮತ್ತೆ ಮಂಡಿ ನೀವಿಕೊಳ್ಳುತ್ತ, "ಆ ತೋಟದೋನು ಒಳ್ಳೇನು ಕಣೆ. ಟೀಗೆ ಸಕ್ರೆ ಜಾಸ್ತಿ ಹಾಕ್ತಾನೆ ಅಷ್ಟೆ."

ತರಬೇತಿಯ ಪ್ರಮಾಣಪತ್ರ ಅಲ್ಲೇ ಕಪಾಟಿನ ಮೇಲಿತ್ತು. ಅದನ್ನು ಹರಿದೆನೆಂದು ಒಮ್ಮೆ ಯಾರಿಗೋ ಹೇಳಿದ್ದೇನೆ. ಹರಿಯಲಿಲ್ಲ. ಈಗಲೂ ಇದೆ. ಆ ತರಬೇತಿಯವನ ಮೇಲೆ ನನ್ನ ಸಿಟ್ಟು ಅವನು ತಪ್ಪು ಹೇಳಿದನೆಂದಲ್ಲ, ಸರಿಯಾಗಿಯೇ ಹೇಳಿದನೆಂದು. ಮನೆಯ ಗೂಟಕ್ಕೆ ನೇತುಬಿದ್ದಿದ್ದ ಪಾಠವನ್ನು ರಾಮನಗರದ ಗೋಡೆಯ ಮೇಲೆ ಓದಿ ಬರೆದುಕೊಂಡು ಬಂದ ನನ್ನ ಮೇಲೆ ಅದಕ್ಕಿಂತ ಹೆಚ್ಚು. ಸಿಟ್ಟು ಅಕ್ಕನ ಮೇಲೂ ಇದೆ. ಹದಿನೈದು ವರ್ಷ ಅತ್ತೆಯನ್ನು ಜಗಲಿಯಲ್ಲಿ ಕೂರಿಸಿ ಮಾತಾಡಿಸಿದ ಮನೆ, ಅವರು ಹೋಗುವುದು ನಿಂತಾಗ ನಿಮ್ಮತ್ತೆ ಯಾಕವ್ವ ಬರಲಿಲ್ಲ ಎಂದು ಒಂದು ಸಲವಾದರೂ ಕೇಳಬಾರದಿತ್ತೇ? ಹದಿನೈದೋ, ಹನ್ನೆರಡೋ.

ಮುಂದಿನ ಸಲ ಹುಳು ಜ್ವರ ಏಳುವ ಹೊತ್ತಿಗೆ ಡಬ್ಬಿ ಇಳಿಸಿದೆ. ತೊಳೆಯುವಾಗಲೇ ಹೆಬ್ಬೆರಳು ಕೊಯ್ದಿದ್ದು. ಹತ್ತು ಹುಳು ಹಾಕಿಕೊಂಡು ಅಕ್ಕನ ಮನೆಗೆ ಹೋದೆ. ಕರೆಯದೆ ಜಗಲಿಯ ಮೇಲೆ ಕೂತೆ. ಅಕ್ಕ ಕಾಫಿ ಕೊಡಲಿಲ್ಲ. ಆದರೆ ತಾವೇ ಹೋಗಿ ನಾಲ್ಕು ಎಲೆ ಕುಯ್ದು ತಂದು ಮುಂದಿಟ್ಟರು.

ಅರ್ಧ ಗಂಟೆ ಎಷ್ಟು ಉದ್ದವೆಂದು ಆ ದಿನ ಗೊತ್ತಾಯಿತು. ಮೊದಲ ಹತ್ತು ನಿಮಿಷ ಹುಳುಗಳು ಅಲುಗಲಿಲ್ಲ. ನಾವಿಬ್ಬರೂ ಅವನ್ನೇ ನೋಡುತ್ತಿದ್ದೆವು. ಆಮೇಲೆ ಒಂದು ಹುಳು ಎಲೆಯ ಅಂಚಿಗೆ ಬಂತು.

"ನಿಮ್ಮತ್ತೆ ಮಂಡಿ ಎಂಗೈತೆ?" ಎಂದರು ಅಕ್ಕ, ನನ್ನ ಮುಖ ನೋಡದೆ.

"ಎದ್ದು ಓಡಾಡೋದು ಕಷ್ಟ ಅಕ್ಕ."

"ಅದ್ಕೇ ಬರ್ನಿಲ್ವಾ? ನಾವು, ದೊಡ್ಡೋರಾಗ್ಬುಟ್ರು, ಮನೆ ಜಾಸ್ತಿ ಆದ್ವು, ನಮ್ಮನ್ನ ಮರ್ತ್ರು ಅನ್ಕಂಡಿದ್ವಿ."

"ಹಂಗೇನಿಲ್ಲ" ಎಂದೆ. ಅದು ಪೂರ್ತಿ ನಿಜವಾಗಿರಲಿಲ್ಲ.

ಹತ್ತರಲ್ಲಿ ಒಂಬತ್ತು ತಿಂದವು. ಆ ಸಲ ಅಕ್ಕ ನಮ್ಮಿಂದ ಅರ್ಧ ಹುಳು ತೆಗೆದುಕೊಂಡರು, ಇನ್ನರ್ಧ ಬೇರೆ ಚಾಕಿ ಮನೆಯಿಂದ. ಬೇಲಿ ಸಾಲಿನ ಇನ್ನೆರಡು ಮನೆಗಳು ಬಿಟ್ಟವು. ಉಳಿದ ಏಳು ಮನೆ ಅಕ್ಕನ ಮುಖ ನೋಡಿಕೊಂಡು ನಿಂತಿವೆ. ನಾನು ಈಗ ಆ ಊರಿಗೆ ಪ್ರತಿ ಸಲ ಖುದ್ದಾಗಿ ಹೋಗುತ್ತೇನೆ, ತೋಟದಲ್ಲಿ ಸಕ್ಕರೆ ಜಾಸ್ತಿಯ ಟೀ ಕುಡಿದು ಬರುತ್ತೇನೆ. ಎಪ್ಪತ್ತು ಮನೆಗೂ ಹೋಗಲು ನನ್ನಿಂದಾಗುವುದಿಲ್ಲ. ಬೇರೆ ಊರುಗಳಲ್ಲಿ ಯಾರು ಯಾವ ದಿನ ಎಲ್ಲಿಗೆ ಹೋಗಿರುತ್ತಾರೋ ನನಗೆ ಗೊತ್ತಿರುವುದಿಲ್ಲ.

ಇನ್ನು ಆ ಫೋನು. ಮಂಗಳವಾರ ಮಧ್ಯಾಹ್ನ ಹಪ್ಪಳದ ಹೆಂಗಸಿನ ಕಣ್ಣಲ್ಲಿ ಕಣ್ಣಿಟ್ಟು ಕೂತಾಗ ಕಾಲ ಬಳಿಯ ಚೀಲದಲ್ಲಿ ಫೋನು ಗುರ್ರೆಂದು ಅದುರಿದ್ದು ನನಗೆ ನೆನಪಿದೆ. ಆದರೆ ಕತೆಗೆ ಅದು ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ, ನಶ್ಯದ ಡಬ್ಬಿಯಂತೆ ಅದನ್ನೂ ನಾನೇ ಆಮೇಲೆ ತಂದಿಟ್ಟುಕೊಂಡಿರಬೇಕು. ಆ ದಿನ ನಾನು ಎತ್ತದ ಕರೆಗಳಲ್ಲಿ ಮೂರು, ಹೆಸರು ಹಾಕಿಡದ ನಂಬರುಗಳು. ಭಾಯಿಯವರ ನಂಬರು ನನ್ನಲ್ಲಿರಲಿಲ್ಲ, ಅವರು ಗ್ರಾಹಕರಲ್ಲವಲ್ಲ. ತೋಟದಲ್ಲಿ ನಿಂತಿದ್ದಾಗಲೇ ನಿಮ್ಮ ನಂಬರು ಹೇಳಿ ಎಂದು ಕೇಳಿ ನೋಡಬಹುದಿತ್ತು. ಅವರದ್ದೇ ಆಗಿದ್ದರೆ ಎಂಬ ಹೆದರಿಕೆಗೆ ಕೇಳಲಿಲ್ಲ. ಈಗ ಅವರ ನಂಬರು ನನ್ನ ಬಳಿಯಿದೆ, ಆ ಹಳೆಯ ಪಟ್ಟಿ ಇಲ್ಲ, ಫೋನೇ ಬದಲಾಗಿದೆ. ಅವರು ಅಂದು ನನಗೆ ಫೋನು ಮಾಡಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ.