ಪಲ್ಲವಿಯ ಶೂ, ನನ್ನ ಹೊಟ್ಟೆಕಿಚ್ಚು

ಪಲ್ಲವಿಯ ಶೂ ಹೋಯಿತು ಎಂದು ಕೇಳಿದಾಗ ನನಗೆ ಖುಷಿಯಾಯಿತು.

ಸುಳ್ಳು ಯಾಕೆ ಹೇಳಲಿ? ಭಾನುವಾರ ಸಂಜೆ, ಕೈಯಲ್ಲಿ ಕಾಫಿ ಲೋಟ, ಫೋನಿನಲ್ಲಿ ಅವಳ ಅಳುಮುಖ. ಕಾಫಿಗೆ ಸಕ್ಕರೆ ಒಂದು ಚೂರು ಜಾಸ್ತಿಯಾದ ಹಾಗಿತ್ತು.

ಪಲ್ಲವಿ ನನ್ನ ಗೆಳತಿ. ಜಾವಗಲ್‌ನಲ್ಲಿ ಪಕ್ಕದ ಮನೆಯವಳು. ಅರಸೀಕೆರೆಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಎಂದರೆ ನಾವಿಬ್ಬರೇ ಎದುರಾಳಿಗಳು. ಕೊನೆಯ ವರ್ಷದ ವಿಷಯ, ‘ಓದಲು ವಿದೇಶಕ್ಕೆ ಹೋಗಬೇಕೇ?’ ಅವಳು ಪರ, ನಾನು ವಿರೋಧ. ‘ಹಳೇ ಕಲ್ಲು ನೋಡೋಕೆ ಯುರೋಪಿಗೆ ಹೋಗಬೇಕಾ ಸ್ವಾಮಿ? ಹಳೇಬೀಡಿನ ಬಸ್ತಿಹಳ್ಳಿ ಬಸದಿಯ ಕನ್ನಡಿಯಂಥ ಕಂಬದಲ್ಲಿ ಮುಖ ನೋಡಿಕೊಂಡು ತಲೆ ಬಾಚಿದವರು ನಾವು!’ ಎಂದೆ. ಚಪ್ಪಾಳೆಯೋ ಚಪ್ಪಾಳೆ. ಮೊದಲ ಬಹುಮಾನ ನನಗೆ, ಒಂದು ಸ್ಟೀಲ್ ಡಬ್ಬಿ. (ಅಮ್ಮ ಅದರಲ್ಲಿ ಸಾಸಿವೆ ಹಾಕಿಟ್ಟಿದ್ದಾರೆ.)

ಸೋತವಳು ಅರ್ಜಿ ಹಾಕಿದಳು. ಗೆದ್ದವಳು ಹಾಕುತ್ತಾಳಾ? ಹಳೆಯ ಕಟ್ಟಡಗಳನ್ನು ಕಾಪಾಡುವ ವಿದ್ಯೆ ಕಲಿಯಲು ಅವಳು ಫ್ರಾನ್ಸಿನ ಸ್ಟ್ರಾಸ್‌ಬರ್ಗಿಗೆ ಹೋದಳು. ನಾನು ಅದೇ ಬಸ್ಸು ಹಿಡಿದು, ಅದೇ ಅರಸೀಕೆರೆಯ ಅದೇ ಕಾಲೇಜಿಗೆ ಪಾಠ ಹೇಳಲು ಹೋಗುತ್ತಿದ್ದೇನೆ.

ಹೋದ ವಾರವಿಡೀ ಅವಳ ಸ್ಟೇಟಸ್ ನೋಡಿ ಬೆಂದೆ. ಗೋಡೆಯ ತುಂಬ ಮರದ ಪಟ್ಟಿಗಳಿರುವ ಹಳೇ ಮನೆಗಳು. ನದಿ. ನದಿಯ ಮೇಲೆ ಸೇತುವೆ. ಸೇತುವೆಯ ಮೇಲೆ ಇವಳು. ಒಂದು ಬನ್ನಿನ ಫೋಟೋವನ್ನೂ ಹಾಕಿದ್ದಳು. ಬನ್ನು! ನಮ್ಮ ಬೇಕರಿಯಲ್ಲಿಲ್ಲವಾ? (ಇದೆ. ಅದರಲ್ಲಿ ಹಾಗೆ ಪದರ ಪದರ ಇರುವುದಿಲ್ಲ. ಒಪ್ಪಿದೆ.)

ಅಂಥವಳ ಶೂ ಹೋದರೆ?

ಆದದ್ದಿಷ್ಟು. ಅವಳ ರೂಮಿರುವ ಗಲ್ಲಿಯಲ್ಲೇ ಒಂದು ಸಣ್ಣ, ಹಳೆಯ ಚರ್ಚು. ಮಧ್ಯಾಹ್ನ, ಒಳಗೆ ಯಾರೂ ಇಲ್ಲ. ಇವಳು ಬಾಗಿಲ ಪಕ್ಕ ಶೂ ಬಿಚ್ಚಿ, ಜೋಡಿಸಿಟ್ಟು ಒಳಗೆ ಹೋಗಿದ್ದಾಳೆ! ಹಳೇಬೀಡಿನಲ್ಲಿ ಚಪ್ಪಲಿ ಬಿಟ್ಟು ಬೆಳೆದ ಕಾಲು ಅದು. ಕೆತ್ತನೆಯ ಬಾಗಿಲು ಕಂಡರೆ ತಲೆಯನ್ನು ಕೇಳುವುದೇ ಇಲ್ಲ. ನಮ್ಮಲ್ಲಿ ಕಾದ ಕಲ್ಲಿನ ಮೇಲೆ ತುದಿಗಾಲಲ್ಲಿ ಓಡುತ್ತೇವೆ. ಅಲ್ಲಿನ ಕಲ್ಲಿನ ಥಂಡಿ ಮಂಡಿಯವರೆಗೆ ಏರಿತಂತೆ. ಹೊರಗೆ ಬಂದರೆ ಶೂ ಇಲ್ಲ.

“ಕದ್ರಾ?” ಎಂದೆ, ಆಸೆಯಿಂದ. (ಫ್ರಾನ್ಸಿನಲ್ಲೂ ಚಪ್ಪಲಿ ಕಳ್ಳರಿದ್ದರೆ ನನ್ನ ವಾದಕ್ಕೆ ಎಷ್ಟು ಬಲ!)

“ಕದ್ದಿಲ್ಲ ಕಣೇ. ಇಲ್ಲಿ ಬೇಡದ ಸಾಮಾನು ಮನೆ ಮುಂದೆ ಇಡ್ತಾರೆ, ಬೇಕಾದೋರು ತಗೊಂಡೋಗ್ತಾರೆ. ಕುರ್ಚಿ, ಪಾತ್ರೆ, ಬಟ್ಟೆ, ಎಲ್ಲಾ. ನನ್ ಶೂನೂ ಹಂಗೇ ಅನ್ಕೊಂಡವ್ರೆ. ಕೆಳಗಿನ ಮನೆ ಹುಡ್ಗಿ ಹೇಳಿದ್ಲು, ನಗ್ತಾ.”

ಅವಳಮ್ಮ ಸುಧಮ್ಮ ಅರಸೀಕೆರೆಯಲ್ಲಿ ಕೊಡಿಸಿದ್ದ ಶೂ. ಉಣ್ಣೆಯ ಸಾಕ್ಸ್ ಹಾಕಿದರೆ ಬಿಗಿಯಾಗಬಾರದೆಂದು ಒಂದು ಸೈಜ್ ದೊಡ್ಡದು.

ನಾನು ನಕ್ಕೆ. ಅವಳು ನಗಲಿಲ್ಲ.

“ಮಳೇಲಿ ಶೂ ಇಲ್ದೆ, ಬರೀ ಸಾಕ್ಸಲ್ಲಿ ಬಂದೆ. ಒಬ್ರೂ ಏನಾಯ್ತು ಅನ್ಲಿಲ್ಲ. ನಮ್ಮೂರಾಗಿದ್ರೆ ಬಸ್‌ಸ್ಟ್ಯಾಂಡ್ ದಾಟೋಷ್ಟ್ರಲ್ಲಿ ಊರೇ ಕೇಳಿರೋದು. ಭಾನುವಾರ ಅಂತ ಅಂಗಡೀನೂ ತೆಗ್ದಿಲ್ಲ. ನಾಳೆ ಮೊದಲ್ನೇ ಕ್ಲಾಸಿಗೆ ಹವಾಯಿ ಚಪ್ಪಲೀಲಿ ಹೋಗ್ಲಾ? ಅವತ್ತು ನೀನು ಸ್ಟೇಜಲ್ಲಿ ಹೇಳಿದ್ದೇ ಸರಿ ಕಣೇ. ನಾನು ವಾಪಸ್ ಬತ್ತೀನಿ. ಅಮ್ಮನೂ ಬಂದ್ಬುಡು ಮಗಾ ಅಂತವ್ರೆ. ನೀನೊಬ್ಳು ಹ್ಞೂಂ ಅನ್ನು, ಟಿಕೆಟ್ ನೋಡ್ತೀನಿ.”

ಹೇಳಿ, ಇಂಥ ಅವಕಾಶ ಯಾವ ಚರ್ಚಾಪಟುವಿಗೆ ಸಿಗುತ್ತದೆ? ಎದುರಾಳಿಯೇ ಸೋಲೊಪ್ಪಿಕೊಂಡು, ತೀರ್ಪನ್ನೂ ನನ್ನ ಬಾಯಿಂದಲೇ ಕೇಳುತ್ತಿದ್ದಾಳೆ. ಒಂದು ‘ಹ್ಞೂಂ’ ಸಾಕು. ಸ್ಟೇಟಸ್‌ನಲ್ಲಿ ನದಿ ನಿಲ್ಲುತ್ತದೆ, ಸೇತುವೆ ನಿಲ್ಲುತ್ತದೆ, ಬನ್ನೂ ನಿಲ್ಲುತ್ತದೆ. ನಾನು ಹೇಳಿದ್ದೇ ಸರಿ ಎಂದು ಇಡೀ ಜಾವಗಲ್‌ಗೆ ಗೊತ್ತಾಗುತ್ತದೆ. ‘ಹ್ಞೂಂ’ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು.

ಅಷ್ಟರಲ್ಲಿ ಅವಳು, ಒಣಗಲು ಹಾಕಿದ್ದ ಒದ್ದೆ ಸಾಕ್ಸ್ ತೋರಿಸಲು ಫೋನನ್ನು ಕಿಟಕಿಯ ಕಡೆ ತಿರುಗಿಸಿದಳು.

ಸಾಕ್ಸ್ ಯಾರು ನೋಡಿದರು? ಅದರ ಹಿಂದೆ ಕಡಿದಾದ ಹೆಂಚಿನ ಸೂರುಗಳು. ಸೂರುಗಳಾಚೆ ದೊಡ್ಡ ಚರ್ಚಿನ ಗೋಪುರ, ಕೆಂಪು ಕಲ್ಲಿನದು, ಮಳೆಯಲ್ಲಿ ತೊಯ್ದು ನಿಂತಿತ್ತು. ಬೆಳಿಗ್ಗೆ ಎದ್ದರೆ ಇವಳಿಗೆ ಅದು ಕಾಣುತ್ತದೆ. ನನಗೆ? ಇವಳ ಮನೆಯ ನೀರಿನ ಟ್ಯಾಂಕು.

ಹೊಟ್ಟೆ ಧಗ್ ಎಂದಿತು.

“ಆ ಕಿಟಕಿ ಬಿಟ್ಟು ಬರ್ತೀಯೇನೇ, ಲೂಸು?” ಎಂದು ಕಿರುಚಿದೆ. “ಯಾರೂ ಕೇಳ್ಲಿಲ್ಲ ಅಂತ ಅಳ್ತೀಯಲ್ಲ, ಇಲ್ಲಿ ಕೇಳೋರು ಏನ್ ಕೇಳ್ತಾರೆ ಗೊತ್ತಾ? ‘ಮದ್ವೆ ಯಾವಾಗವ್ವಾ?’ ದಿನಾ ನಂಗೇ ಕೇಳ್ತಾರೆ. ಬಾ, ಅರ್ಧ ನೀನೂ ತಗೋ! ಹವಾಯಿ ಹಾಕ್ಕೊಂಡೇ ಕ್ಲಾಸಿಗೆ ಹೋಗು. ಅಲ್ಲಿ ಯಾರೂ ಏನೂ ಕೇಳಲ್ಲ ಅಂತ ನೀನೇ ಅಂದ್ಯಲ್ಲ. ಮತ್ಯಾಕೆ ನಾಚಿಕೆ?”

ಅವಳು ಮೂಗೊರೆಸಿಕೊಂಡಳು.

“ಅವತ್ತು ಸ್ಟೇಜಲ್ಲಿ ಹಿಂಗಂದಿರ್ಲಿಲ್ವಲ್ಲೇ ನೀನು?”

“ಅವತ್ತು ಕಿಟಕಿ ನೋಡಿರ್ಲಿಲ್ಲ.”

ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಎಲ್ಲರೂ ಉಪದೇಶ ಮಾಡುತ್ತಾರೆ. ನಾನು ವಿರೋಧ. ಸುಧಮ್ಮನಿಗೆ ಮಗಳ ಮೇಲೆ ಪ್ರಾಣ, ಹಾಗಾಗಿ ಅವರಿಗೆ ಕಣ್ಣೀರು ಕಂಡಿತು. ಕಿಟಕಿ ಕಂಡದ್ದು ನನಗೆ. ನಿಮ್ಮ ಬಳಿ ಇರುವುದರ ಬೆಲೆ ತಿಳಿಯಬೇಕೇ? ಹಿತೈಷಿಗಳನ್ನು ಕೇಳಬೇಡಿ. ಅವರು ‘ಬಂದ್ಬುಡು ಮಗಾ’ ಎನ್ನುತ್ತಾರೆ. ಅದು ಸಿಗದೆ ಉರಿಯುತ್ತಿರುವವರನ್ನು ಕೇಳಿ, ಸರಿಯಾಗಿ ಹೇಳುತ್ತಾರೆ.

ಸೋಮವಾರ ಸಂಜೆ ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಸುಧಮ್ಮ ಫೋನ್ ಮಾಡಿದರು. “ಅದೇನಂದ್ಯೋ ಕಾಣೆ ಕಣವ್ವ, ಅಲ್ಲೇ ಇರ್ತೀನಿ ಅಂದ್ಲು. ಬರಿಗಾಲಲ್ಲಿ ನಿಂತೈತೆ ಮಗ ಅಂತ ನಂಗೆ ನಿದ್ದೇನೇ ಇರ್ಲಿಲ್ಲ. ನಿಂದು ದೊಡ್ ಮನ್ಸು ಬುಡು.”

ದೊಡ್ಡ ಮನಸ್ಸು! (ನೀವಾದರೂ ನಂಬಬೇಡಿ.) ಫೋನಿಟ್ಟೆ. ಇಟ್ಟ ಕೂಡಲೇ ಪಲ್ಲವಿಯ ಹೊಸ ಸ್ಟೇಟಸ್. ಕಂದು ಬಣ್ಣದ ಲೆದರ್ ಬೂಟು. ಅದೇ ಗಲ್ಲಿಯಲ್ಲಿ ಯಾರೋ ಬೇಡವೆಂದು ಹೊರಗಿಟ್ಟಿದ್ದರಂತೆ. ಕಾಲಿಗೆ ಅಳತೆ ತೆಗೆದು ಹೊಲಿಸಿದಂತೆ ಕೂತಿದೆ. ಹಿಂದೆ ಅದೇ ಗೋಪುರ, ಇವತ್ತು ಬಿಸಿಲಿನಲ್ಲಿ.

‘ಹೋಗಬಾರದು’ ಎಂದು ವಾದಿಸಿದೆ, ಗೆದ್ದೆ. ‘ಬರಬಾರದು’ ಎಂದು ವಾದಿಸಿದೆ, ಅದನ್ನೂ ಗೆದ್ದೆ.

ಹಾಗಾದರೆ ಜಾವಗಲ್ ಬಸ್ಸಿಗೆ ಕಾಯುತ್ತಾ ನಿಂತಿರುವವಳು ನಾನೇ ಯಾಕೆ?