ಟವೆಲ್ ಹಾಕಿದ ಇಂಟರ್ನೆಟ್

ದೋಸ್ತರ, ಇವತ್ತ ಖಾನಾಪುರದ ಸೈಬರ್ ಕೆಫೆಯೊಳಗ ನನ್ನ ತಲಿ ಕೆಟ್ಟು ಹೋತು. ತಂಗಿಯ ಅರ್ಜಿ ಸಂಜಿ ಐದರೊಳಗ ಬೆಳಗಾವಿ ಕಾಲೇಜಿಗೆ ಇ-ಮೇಲ್ ಆಗಬೇಕಿತ್ತು. ಅಲ್ಲಿ ಒಂದ ಫೋನ್ ಲೈನಿಗೆ ಆರು ಕಂಪ್ಯೂಟರ್. ಮೂಲ್ಯಾಗಿನ ಕಂಪ್ಯೂಟರಿನ್ಯಾಗ ಒಬ್ಬಾಂವ ಸಿನಿಮಾ ಹಾಡು ಇಳಸಾಕ ಹಚ್ಚಿ, ಕುರ್ಚಿ ಮ್ಯಾಲೆ ಟವೆಲ್ ಹಾಕಿ ಚಾ ಕುಡಿಯಾಕ ಹೋಗಿದ್ದ. ಉಳಿದ ಐದೂ ಸತ್ತಂಗ ನಿಂತಿದ್ವು.

"ಅದನ್ನ ಸ್ವಲ್ಪ ನಿಲ್ಲಸ್ರಿ," ಅಂದೆ ಮಾಲಕರಿಗೆ.

"ಹೆಂಗ ನಿಲ್ಲಸ್ಲಿರಿ? ಅವರ ಟವೆಲ್ ಐತಲ್ಲ."

"ಟವೆಲ್ ಕುರ್ಚಿಗೆ ಹಾಕ್ಯಾರ. ಲೈನ್ ಎಲ್ಲಾರದೂ ಅಲ್ಲೇನ್ರಿ?"

"ಖರೇ ಐತ್ರಿ. ಆದ್ರ ಟವೆಲ್ ತಗದ್ರ ಜಗಳ ಆಗ್ತೈತಿ."

ನಾಲ್ಕು ಹೊಡೀತು. ಕಾಲೇಜಿಗೆ ಕೈಲೇ ಕೊಟ್ಟ ಬರೂಣಂತ ಅರ್ಜಿ ಕಾಗದ ಹಿಡಕೊಂಡು ಓಡಿ ಬೆಳಗಾವಿ ಬಸ್ ಹತ್ತಿದೆ. ಖಾಲಿ ಇದ್ದದ್ದು ಒಂದ ಸೀಟು. ಅದರ ಮ್ಯಾಲೂ ಯಾರದೋ ಟವೆಲ್.

ಜಗಳ ಆದ್ರ ಆಗ್ಲಿ ಅಂತ ಅದರ ಮ್ಯಾಲೇ ಕುಂತು ಬೆಳಗಾವಿ ಮುಟ್ಟಿದೆ.