ಕುಕ್ಕರ್ ಕೂಗಿಗೆ ಒಪ್ಪುವ ಆಂಪ್

ಅಣ್ಣಾ ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನಷ್ಟು ಚೆನ್ನಾಗಿ ಗಿಟಾರ್ ನುಡಿಸುವವರು ಇನ್ನೊಬ್ಬರಿಲ್ಲ. ಗಿಟಾರ್ ಇರುವುದೇ ನನ್ನೊಬ್ಬನ ಹತ್ತಿರ ಎಂದು ನೆನಪಿಸುವವರು ಹೊಟ್ಟೆಕಿಚ್ಚಿನವರು. ರೈಲ್ವೆ ಕೆಲಸದಿಂದ ನಿವೃತ್ತನಾದ ಮೇಲೆ ಬೆರಳುಗಳನ್ನೂ ಪಿಂಚಣಿ ಕೊಟ್ಟು ಕೂರಿಸಬಾರದೆಂದು ಮತ್ತೆ ಅಭ್ಯಾಸ ಶುರುಮಾಡಿದೆ. ಅದಕ್ಕೆ ಕೈಗೆಟಕುವ ಬೆಲೆಯ ಒಂದು ಪುಟ್ಟ ವಾಲ್ವ್ ಆಂಪ್, ಅಂದರೆ ಗಿಟಾರಿನ ದನಿ ಹೆಚ್ಚಿಸುವ ಪೆಟ್ಟಿಗೆ, ಬೇಕಿತ್ತು, ಅಷ್ಟೇ. ಈ ‘ಅಷ್ಟೇ’ ನನ್ನ ತಲೆಯಲ್ಲಿ ಉಳಿದಿದ್ದ ನಾಲ್ಕು ಕೂದಲನ್ನೂ ತಿಂದುಹಾಕಿತು.

ವಾಲ್ವ್ ಎಂದರೆ ನಮ್ಮ ಕಾಲದ ರೇಡಿಯೊದೊಳಗೆ ಕೆಂಪಗೆ ಉರಿಯುತ್ತಿದ್ದ ಗಾಜಿನ ಬುರುಡೆ. ಸ್ವಿಚ್ ಹಾಕಿದ ಕೂಡಲೇ ಅದು ಬಾಯಿ ಬಿಡುವುದಿಲ್ಲ. ಮೊದಲು ಮೈ ಬಿಸಿಯಾಗಬೇಕು, ಬೆಳಗಿನ ಕಾಫಿಗೆ ಮುಂಚಿನ ನನ್ನ ಹಾಗೆ. ಟ್ರಾನ್ಸಿಸ್ಟರ್ ಆಂಪ್ ಅಗ್ಗ, ಹಗುರ, ಕರೆದ ಕ್ಷಣ ಹಾಜರು. ಆದರೆ ನನ್ನ ಕಿವಿಗೆ ಅದರ ದನಿ ಪ್ಲಾಟ್‌ಫಾರ್ಮಿನ ಅನೌನ್ಸ್‌ಮೆಂಟ್ ಇದ್ದಂತೆ. ಸರ್ವೀಸ್ ಪೂರ್ತಿ ಅದನ್ನೇ ಕೇಳಿದವನು ನಾನು. ವಾಲ್ವನ್ನು ಜೋರು ಮಾಡಿದರೆ ದನಿ ಒಡೆಯುತ್ತದೆ, ಒಡೆದಲ್ಲೇ ಹಾಡುತ್ತದೆ. ತೊಡಕು ಇರುವುದೂ ಇಲ್ಲೇ. ಜೋರು ಮಾಡದೆ ಅದು ಹಾಡುವುದಿಲ್ಲ, ಜೋರು ಮಾಡಿದರೆ ಮನೆಯವರು ಬಿಡುವುದಿಲ್ಲ.

ಇಂಟರ್ನೆಟ್ಟಿನಲ್ಲಿ ಬಲ್ಲವರನ್ನು ಕೇಳಿದೆ. ಹದಿನೈದು ವಾಟ್ ಇಲ್ಲದಿದ್ದರೆ ದಂಡ ಎಂದ ಒಬ್ಬ. ಐದು ವಾಟ್‌ಗೇ ಪಕ್ಕದ ಮನೆಯವರು ಪೊಲೀಸರನ್ನು ಕರೆದರು ಎಂದ ಇನ್ನೊಬ್ಬ. ಮತ್ತೊಬ್ಬ ಮಹಾನುಭಾವ, ಆಂಪ್ ಕೊಳ್ಳುವ ಮೊದಲು ನಿನ್ನ ನಾದ ಯಾವುದೆಂದು ನೀನು ಅರಿತುಕೊ ಎಂದು ಉಪದೇಶ ಮಾಡಿದ. ಇವರಲ್ಲಿ ಯಾರೂ ನನ್ನ ಹೆಂಡತಿ ಪದ್ಮಳನ್ನು ನೋಡಿದವರಲ್ಲ.

ಪದ್ಮಳ ಷರತ್ತು ಒಂದೇ. “ರೀ, ಏನು ಬೇಕಾದ್ರೂ ತನ್ನಿ. ನೀವು ಹಾಲ್‌ನಲ್ಲಿ ಬಾರಿಸ್ತಿರೋವಾಗ ಅಡುಗೆಮನೇಲಿ ನನಗೆ ಕುಕ್ಕರ್ ವಿಸಿಲ್ ಕೇಳಬೇಕು. ಕೇಳಲಿಲ್ಲಾಂದ್ರೆ ಗಿಟಾರ್ ಪರಣ್ ಮೇಲೆ.”

ಪರಣ್ ಎಂದರೆ ನಮ್ಮ ಮನೆಯ ತಮಿಳು ಬೆರೆತ ಕನ್ನಡದಲ್ಲಿ ಅಟ್ಟ. ಅಲ್ಲಿಗೆ ಹತ್ತಿದ ನನ್ನ ಹಾರ್ಮೋನಿಯಂ ಇವತ್ತಿಗೂ ಇಳಿದಿಲ್ಲ.

ತ್ರಿಪ್ಲಿಕೇನಿನಲ್ಲಿ ಹಳೆಯ ವಾದ್ಯಗಳನ್ನು ಮಾರುವ ರಹೀಂ ಭಾಯ್, ನನ್ನ ಕೀಟಲೆಗಳನ್ನೆಲ್ಲ ಸಹಿಸಿಯೂ ಮಾತು ಬಿಡದ ಗೆಳೆಯರು. ಒಪ್ಪಿಗೆಯಾಗದಿದ್ದರೆ ವಾಪಸು ತನ್ನಿ ಎಂದು ಹದಿನೈದು ವಾಟಿನದನ್ನು ಕೊಟ್ಟರು. ಅಂದು ಕುಕ್ಕರ್ ಎಷ್ಟು ಸಲ ಕೂಗಿತೋ ದೇವರಿಗೇ ಗೊತ್ತು. ಬೇಳೆ ಸೀದ ವಾಸನೆ ಬಂದಾಗಲೇ ಪದ್ಮ ಒಲೆ ಆರಿಸಿದ್ದು. “ಇದೇನು ಮನೇನಾ, ಕಲ್ಯಾಣ ಮಂಟಪಾನಾ?” ಎಂದಳು. ಆಂಪ್ ಆಟೊ ಹತ್ತಿತು.

ಐದು ವಾಟಿನದು ಬಂತು. ಕುಕ್ಕರ್ ಕೇಳುವಷ್ಟು ಸಣ್ಣಗೆ ಮಾಡಿದರೆ ಅದು ಬಾಟಲಿಯೊಳಗೆ ಸಿಕ್ಕಿಕೊಂಡ ಸೊಳ್ಳೆ. ಅದನ್ನೂ ಹಿಂದಿರುಗಿಸಿದಾಗ ರಹೀಂ ಭಾಯ್ ನಿಟ್ಟುಸಿರು ಬಿಟ್ಟರು. “ಸಾರ್, ಉಂಗಳುಕ್ಕು ಆಂಪ್ ವೇಂಡಾ, ವೇರೆ ವೀಡು ವೇಣುಂ.” ನನಗೆ ಬೇಕಾಗಿರುವುದು ಆಂಪ್ ಅಲ್ಲವಂತೆ, ಬೇರೆ ಮನೆಯಂತೆ.

ಕೊನೆಗೆ ಅವರು ಮೂಲೆಯಿಂದ ಎಳೆದುಕೊಟ್ಟದ್ದು ಒಂದೇ ವಾಟಿನದು, ಟಿಫನ್ ಕ್ಯಾರಿಯರಿನಷ್ಟು ದೊಡ್ಡದು. ಗುಂಡಿಯನ್ನು ಪೂರ್ತಿ ತಿರುಗಿಸಿದೆ. ಟಿವಿಗಿಂತ ಹೆಚ್ಚು ಸದ್ದಿಲ್ಲ, ಆದರೆ ದನಿ ಒಡೆದು ಹಾಡಿತು. ಅಡುಗೆಮನೆಯಿಂದ ತೀರ್ಪು ಬಂತು: “ವಿಸಿಲ್ ಕೇಳ್ತು. ಇಟ್ಕೊಳ್ಳಿ.”

ಬುದ್ಧಿಯಿರುವವನು ಅಲ್ಲಿಗೆ ನಿಲ್ಲಿಸುತ್ತಿದ್ದ. ನನಗೋ, ಸಣ್ಣ ತಂತಿಯನ್ನು ಮೇಲೆ ಒತ್ತಿ ಎಳೆದರೆ ಬರುವ ಕೀರಲು, ಜೊತೆಗೆ ವಾಲ್ವಿನದೇ ಆದ ಆವಿಯಂಥ ಬುಸ್ಸೆನ್ನುವ ಸದ್ದು, ಎರಡೂ ಸೇರಿದರೆ ಸಾಕ್ಷಾತ್ ಕುಕ್ಕರ್ ಎಂದು ಹೊಳೆದುಬಿಟ್ಟಿತು. ಮಾರನೆಯ ದಿನ ಒಂದು ವಿಸಿಲ್ ಆಗುವುದನ್ನೇ ಕಾದು, ಎಳೆದೆ. ಸ್ವಲ್ಪ ಬಿಟ್ಟು ಇನ್ನೊಮ್ಮೆ ಎಳೆದೆ. ಒಲೆ ಆರಿಸಿದ ‘ಟಕ್’ ಸದ್ದು ಕೇಳಿತು. ಇಷ್ಟು ವರ್ಷಗಳಲ್ಲಿ ಯಾವ ಚಪ್ಪಾಳೆಯೂ ನನಗೆ ಅಷ್ಟು ಇಂಪಾಗಿ ಕೇಳಿರಲಿಲ್ಲ.

ಊಟಕ್ಕೆ ಕುಳಿತರೆ ಹುಳಿಯಲ್ಲಿ ತೊಗರಿಬೇಳೆ ಕಲ್ಲಿನಂತೆ ಕಟಕಟ ಎನ್ನುತ್ತಿತ್ತು. ಪದ್ಮ ಅಂಗಡಿಯವನನ್ನು ಬೈಯತೊಡಗಿದಳು. “ಮೂರು ವಿಸಿಲ್ ಕೂಗಿಸಿದ್ದೀನಿ, ಬೇಯಲಿಲ್ಲಾಂದ್ರೆ ಎಂಥ ಬೇಳೆ ಕೊಟ್ಟಿದಾನೆ ಅವನು?” ಸುಮ್ಮನಿದ್ದಿದ್ದರೆ ಉಳಿಯುತ್ತಿದ್ದೆ. ಆದರೆ ಇಂಥ ಕೈಚಳಕದ ಕೀರ್ತಿ ಅಂಗಡಿಯವನ ಪಾಲಾಗುವುದನ್ನು ಹೇಗೆ ಸಹಿಸುವುದು?

“ಅದರಲ್ಲಿ ಎರಡು ನನ್ನವು ಕಣೇ” ಎಂದೆ.

ಅವಳು ನನ್ನನ್ನು ನೋಡಿದಳು, ಆಮೇಲೆ ಅಟ್ಟವನ್ನು ನೋಡಿದಳು. “ಪರವಾಗಿಲ್ಲ, ನಾನೇ ಏಮಾಂದೆ” ಎಂದು ಮೋಸಹೋದದ್ದನ್ನು ಒಪ್ಪಿಕೊಂಡು, ಎದ್ದುಹೋಗಿ, ಆಂಪನ್ನು ಎತ್ತಿ ತಂದು ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟಳು. ಅದರ ಮುಂದೊಂದು ಸ್ಟೂಲ್ ಹಾಕಿದಳು. “ನಿಜವಾದ್ದು ಯಾವುದು, ನಿಮ್ಮದು ಯಾವುದು ಅಂತ ನಿಮಗೇ ತಾನೇ ಚೆನ್ನಾಗಿ ಗೊತ್ತು? ನಾಳೆಯಿಂದ ಕುಕ್ಕರ್ ನಿಮ್ಮ ಜವಾಬ್ದಾರಿ. ಬೇಳೆ ಬೇಯದೆ ಇದ್ರೆ ಪರಣ್.”

ಈಗ ದಿನವೂ ಬೆಳಿಗ್ಗೆ ವಾಲ್ವೂ ಕುಕ್ಕರೂ ಒಟ್ಟಿಗೆ ಬಿಸಿಯಾಗುತ್ತವೆ, ನಡುವೆ ನಾನು. ಕೈ ಹದಕ್ಕೆ ಬರುವ ಹೊತ್ತಿಗೆ ಸರಿಯಾಗಿ ಕುಕ್ಕರ್ ಕೂಗುತ್ತದೆ; ಗಿಟಾರ್ ಬಿಟ್ಟು ಒಲೆಗೆ ಏಳಬೇಕು. ಪದ್ಮ ಹಾಲ್‌ನಲ್ಲಿ ನನ್ನ ಕುರ್ಚಿಯ ಮೇಲೆ ಕುಳಿತು ಪೇಪರ್ ಓದುತ್ತಾಳೆ. ಮೊನ್ನೆ ತಡೆಯಲಾರದೆ ತಂತಿಯನ್ನು ಒಮ್ಮೆ ಎಳೆದೆ. ಪೇಪರ್ ಪುಟ ತಿರುಗಿದ ಸದ್ದಾಯಿತು.

“ರೀ, ಇದು ನಿಮ್ಮದು. ಕುಕ್ಕರ್ ಇದಕ್ಕಿಂತ ಶ್ರುತೀಲಿರತ್ತೆ.”

ಅದಕ್ಕೇ ಅಭ್ಯಾಸ ಮಾಡುತ್ತಿದ್ದೇನೆ.